ಗಣಕಯಂತ್ರವು ಯಾರನ್ನು ಕೇಳುತ್ತದೆ?

ಹಳೆಯ ಗ್ರಂಥಗಳ ಮತ್ತು ಶಬ್ದಗಳ ವಿಚಾರವನ್ನು ಬರೆಯುತ್ತ ಬಂದವನು ಈ ತಿಂಗಳು ಲ್ಯಾಪ್‌ಟಾಪಿನ ದೋಷವೊಂದನ್ನು ಕುರಿತು ಬರೆಯಲು ತೊಡಗಿರುವುದನ್ನು ಕಂಡು ಕೆಲವು ಹಿರಿಯ ಓದುಗರು ಹುಬ್ಬೇರಿಸಬಹುದು. ಆದರೆ ಓದುಗ ಬಂಧುಗಳೇ, ಈ ಯಂತ್ರವು ಇಂದು ಯಾರ ಮನೆಯಲ್ಲಿಲ್ಲ? ಮಕ್ಕಳ ಪ್ರವೇಶದ ಅರ್ಜಿ, ನಿವೃತ್ತರ ಜೀವಿತ ಪ್ರಮಾಣಪತ್ರ, ಪರದೇಶದಲ್ಲಿರುವ ಮಗಳ ಮುಖವನ್ನು ವಾರಕ್ಕೊಮ್ಮೆ ಕಾಣುವ ಸಂತೋಷ, ಎಲ್ಲವೂ ಅದರ ಮೂಲಕವೇ ನಡೆಯುತ್ತಿವೆ. ಅದು ತಡಮಾಡಿದಾಗ ನಾವು ಮೊದಲು ಬೈಯುವುದು ಯಂತ್ರವನ್ನು, ಆಮೇಲೆ ಅಂತರಜಾಲದ ಕಂಪನಿಯನ್ನು. ಇವೆರಡೂ ನಿರ್ದೋಷಿಗಳಾಗಿರುವ ಒಂದು ಪ್ರಸಂಗ ಉಂಟು. ಅದು ಬಹು ಸಾಮಾನ್ಯವೂ ಹೌದು, ಬಹು ಮಂದಿಗೆ ತಿಳಿಯದ್ದೂ ಹೌದು. ಅದನ್ನು ತಿಳಿಯದ ಕಾರಣ ನಾನು ಎರಡು ವರ್ಷಗಳ ಕೆಲಸವನ್ನು ಕಳೆದುಕೊಳ್ಳುವುದರಲ್ಲಿದ್ದೆ.

ನನ್ನ ಬಳಿ ಇರುವುದು ಉಬುಂಟು ಎಂಬ ವ್ಯವಸ್ಥೆಯುಳ್ಳ ಸಾಮಾನ್ಯ ಲ್ಯಾಪ್‌ಟಾಪು. ಹಳೆಯ ಮನೆತನವೊಂದರಲ್ಲಿ ದೊರೆತ ವೈದ್ಯಗ್ರಂಥದ ತಾಳೆಗರಿ ಕಟ್ಟೊಂದನ್ನು ಎರಡು ವರ್ಷ ಕುಳಿತು ಅದರಲ್ಲಿ ಬರೆದುಕೊಂಡಿದ್ದೆ. ಕೆಲಸ ಮುಗಿದ ಮೇಲೆ ಕಟ್ಟನ್ನು ಆ ಮನೆಯವರಿಗೆ ಗೌರವದಿಂದ ಹಿಂದಿರುಗಿಸಿದೆ. ಬಳಿಕ ಆ ಮನೆಯ ಅಣ್ಣತಮ್ಮಂದಿರು ಪಾಲಾದರು. ಕಟ್ಟು ಈಗ ಯಾರ ಪಾಲಿಗೆ ಹೋಗಿದೆ ಎಂಬುದು ಅವರಿಗೇ ಸ್ಪಷ್ಟವಿಲ್ಲ. ಹೀಗಾಗಿ ಅದರ ಪಾಠವು ಉಳಿದಿದ್ದುದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಪ್ರತಿ ಮಾಡಿ ಬೇರೆಡೆ ಇಡಬೇಕೆಂಬ ವಿವೇಕ ಮೊದಲರ್ಧದ ಕಾಲಕ್ಕೆ ನನಗಿತ್ತು, ಎರಡನೆಯ ಅರ್ಧದ ಕಾಲಕ್ಕೆ ಅದು ಸೋಮಾರಿತನದಲ್ಲಿ ಕರಗಿಹೋಗಿತ್ತು.

ವಾರದಲ್ಲಿ ಮೂರು ದಿನ ನಾನು ಪಟ್ಟಣದ ಒಂದು ಗ್ರಂಥಾಲಯದಲ್ಲಿ ಕುಳಿತು ಕೆಲಸ ಮಾಡುತ್ತೇನೆ, ಉಳಿದ ದಿನ ಮನೆಯಲ್ಲಿ. ಎರಡೂ ಕಡೆ ವೈಫೈ ಉಂಟು. ಕಳೆದ ಶ್ರಾವಣದ ಸುಮಾರಿಗೆ ಒಂದು ವಿಚಿತ್ರ ಕಾಣಿಸಿಕೊಂಡಿತು. ಗ್ರಂಥಾಲಯದಲ್ಲಿ ಚುರುಕಾಗಿರುವ ಯಂತ್ರ ಮನೆಗೆ ಬಂದೊಡನೆ ಮಂಕಾಗುತ್ತಿತ್ತು. ಒಂದು ಪುಟವನ್ನು ತೆರೆಯಲು ಹೇಳಿದರೆ ಬಿಳಿಯ ತೆರೆಯನ್ನು ತೋರಿಸುತ್ತ ಸುಮ್ಮನೆ ಕುಳಿತುಬಿಡುತ್ತಿತ್ತು. ಐದು ಸೆಕೆಂಡು, ಹತ್ತು ಸೆಕೆಂಡು, ಕೆಲವೊಮ್ಮೆ ಇಪ್ಪತ್ತು. ಆಮೇಲೆ ಇದ್ದಕ್ಕಿದ್ದಂತೆ ಪುಟವೆಲ್ಲ ಒಮ್ಮೆಲೇ ಬಂದು ಬೀಳುತ್ತಿತ್ತು.

ಕಂಪನಿಯವರನ್ನು ಕರೆಸಿದೆ. ಬಂದ ಹುಡುಗ ತನ್ನ ಮೊಬೈಲಿನಲ್ಲಿ ವೇಗವನ್ನು ಅಳೆದು ತೋರಿಸಿ, ಲೈನು ಸರಿಯಾಗಿದೆಯೆಂದು ಹೇಳಿ ಹೋದ. ಅವನ ಮಾತು ನಿಜವೇ ಆಗಿತ್ತು, ನಾನು ನಂಬಲಿಲ್ಲ. ಆಮೇಲೆ ರಿಪೇರಿಯ ಅಂಗಡಿಗೆ ಒಯ್ದೆ. ಅಲ್ಲಿಯವರು ಎರಡು ನಿಮಿಷ ನೋಡಿ, ‘ಒಳಗೆ ಎಲ್ಲಾ ಹದಗೆಟ್ಟಿದೆ, ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು, ನಾಳೆ ಸಂಜೆ ಬನ್ನಿ’ ಎಂದರು. ನಾನು ತಲೆಯಾಡಿಸಿ, ಯಂತ್ರವನ್ನು ಅಲ್ಲಿಯೇ ಬಿಟ್ಟು ಹೊರಟೆ. ‘ಅಳಿಸಿ’ ಎಂಬ ಶಬ್ದದ ಅರ್ಥ ತಲೆಗೆ ಹತ್ತುವ ಹೊತ್ತಿಗೆ ಅರ್ಧ ದಾರಿಗೆ ಬಂದಿದ್ದೆ. ನಲವತ್ತು ವರ್ಷ ನಿಘಂಟುಗಳ ನಡುವೆ ಕಳೆದವನಿಗೆ ಅಷ್ಟು ಹೊತ್ತು ಬೇಕಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಹಿಂದಿರುಗಿ ಹೋಗಿ, ಅವರು ಇನ್ನೂ ಕೈಹಚ್ಚಿಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಯಂತ್ರವನ್ನು ಎದೆಗೆ ಅವುಚಿಕೊಂಡು ಮನೆಗೆ ಬಂದೆ.

ಅಂದು ರಾತ್ರಿ ನನ್ನ ಅಣ್ಣನ ಮೊಮ್ಮಗಳಿಗೆ ಫೋನು ಮಾಡಿದೆ. ಅವಳು ಬೆಂಗಳೂರಿನಲ್ಲಿ ಈ ವಿದ್ಯೆಯಲ್ಲಿಯೇ ಕೆಲಸದಲ್ಲಿದ್ದಾಳೆ. ಎಲ್ಲವನ್ನೂ ಕೇಳಿಸಿಕೊಂಡು ಅವಳು ಹೇಳಿದ್ದು ಇಷ್ಟು: ‘ಅಜ್ಜಾರ, ಮೊದಲ ನಿಮ್ಮ ಬರವಣಿಗಿ ಎಲ್ಲಾ ಒಂದು ಪೆನ್‌ಡ್ರೈವಿಗೆ ಹಾಕ್ಕೋರಿ. ಆಮೇಲೆ ಮಾತಾಡೋಣ.’ ಅದಾದ ಮೇಲೆ ಮತ್ತೆ ಫೋನು ಮಾಡಿದಾಗ, ‘ಲ್ಯಾಪ್‌ಟಾಪ್ ಕೆಟ್ಟಿಲ್ರಿ. ಅದು ಯಾರನ್ನ ಕೇಳಾಕತ್ತೈತಿ ಅಂತ ನೋಡೋಣು’ ಎಂದಳು.

ಯಾರನ್ನು ಕೇಳುತ್ತಿದೆ? ಯಂತ್ರವೊಂದು ಇನ್ನೊಬ್ಬರನ್ನು ಕೇಳುತ್ತದೆಯೆಂಬುದೇ ನನಗೆ ಹೊಸ ಸಂಗತಿಯಾಗಿತ್ತು. ಅದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಅಂತರಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಅಂಕಿಗಳ ವಿಳಾಸವಿರುತ್ತದೆ. ಚುಕ್ಕೆಯಿಂದ ಬೇರ್ಪಡಿಸಿದ ನಾಲ್ಕು ಸಂಖ್ಯೆಗಳು, ಒಂದೊಂದೂ 0 ಯಿಂದ 255 ರ ಒಳಗೆ. ಇದು ಹಳೆಯ ಕ್ರಮ. ಇನ್ನೂ ಉದ್ದವಾದ ಹೊಸ ಕ್ರಮವೂ ಈಗ ಜೊತೆಗಿದೆ. ಮನುಷ್ಯನಿಗೆ ಅಂಕಿ ನೆನಪಿರುವುದಿಲ್ಲ, ಹೆಸರು ನೆನಪಿರುತ್ತದೆ. ಆದುದರಿಂದ ನಾವು ಹೆಸರನ್ನು ಬರೆಯುತ್ತೇವೆ, ಯಂತ್ರವು ಆ ಹೆಸರಿಗೆ ಸಲ್ಲುವ ಅಂಕಿಯನ್ನು ಹುಡುಕಿಕೊಂಡು ಅಲ್ಲಿಗೆ ಹೋಗುತ್ತದೆ. 1970ರ ದಶಕದಲ್ಲಿ, ಈ ಜಾಲವು ಅಮೆರಿಕದಲ್ಲಿ ಅರ್ಪಾನೆಟ್ ಎಂಬ ಹೆಸರಿನಿಂದ ಚಿಕ್ಕದಾಗಿ ಇದ್ದಾಗ, ಹೆಸರುಗಳ ಪಟ್ಟಿ ಒಂದೇ ಕಡತದಲ್ಲಿ ಹಿಡಿಸುತ್ತಿತ್ತು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಎಸ್.ಆರ್.ಐ. ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ವಿದುಷಿಯ ನೇತೃತ್ವದ ಮಾಹಿತಿ ಕೇಂದ್ರವು ಆ ಕಡತವನ್ನು ಕಾಯುತ್ತಿತ್ತು. ಹೊಸ ಯಂತ್ರವೊಂದು ಜಾಲಕ್ಕೆ ಸೇರಿದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸಬೇಕು, ಉಳಿದವರೆಲ್ಲ ಆ ಪಟ್ಟಿಯನ್ನು ಆಗಾಗ್ಗೆ ತರಿಸಿಕೊಳ್ಳಬೇಕು. ಒಬ್ಬ ಲಿಪಿಕಾರನ ಪ್ರತಿಯನ್ನು ಊರೂರಿನವರು ನಕಲು ಮಾಡಿಕೊಂಡಂತೆ. ನಕಲು ಹಳೆಯದಾದಷ್ಟೂ ಪಾಠಾಂತರ ಹೆಚ್ಚು ಎಂಬುದನ್ನು ನನ್ನಂಥವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಯಂತ್ರಗಳು ಹೆಚ್ಚಿದಂತೆ ಈ ಕ್ರಮ ಕುಸಿಯತೊಡಗಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಸ್ಥೆಯಲ್ಲಿ ಹೊಸದೊಂದು ವ್ಯವಸ್ಥೆಯನ್ನು ರೂಪಿಸಿದರು. 1987ರಲ್ಲಿ ಅದಕ್ಕೆ ಇಂದಿಗೂ ಆಧಾರವಾಗಿರುವ ರೂಪ ದೊರೆಯಿತು. ಅದನ್ನೇ ಡಿ.ಎನ್.ಎಸ್. ಎಂದು ಕರೆಯುತ್ತಾರೆ. ಇದರಲ್ಲಿ ಎಲ್ಲವನ್ನೂ ಬಲ್ಲ ಒಬ್ಬನೇ ಇಲ್ಲ. ಹೆಸರಿನ ಕೊನೆಯ ಭಾಗದಿಂದ ಹಿಂದಕ್ಕೆ ಓದಿಕೊಂಡು ಹೋಗಬೇಕು. ಮೂಲಸ್ಥಾನದಲ್ಲಿ 13 ಹೆಸರಿನ ಸರ್ವರ್‌ಗಳಿವೆ. ಅವುಗಳ ಪ್ರತಿರೂಪಗಳು ಜಗತ್ತಿನ ನೂರಾರು ಕಡೆ ಇವೆ. ಅವು ಪೂರ್ತಿ ಉತ್ತರವನ್ನು ಹೇಳುವುದಿಲ್ಲ, ‘ಭಾರತದ ಹೆಸರಾದರೆ ಅಲ್ಲಿ ಕೇಳು’ ಎಂದು ದಾರಿ ತೋರಿಸುತ್ತವೆ. ಅಲ್ಲಿಯವರು ಇನ್ನೊಬ್ಬರ ಕಡೆಗೆ ಕಳಿಸುತ್ತಾರೆ, ಕೊನೆಗೆ ಬಲ್ಲವನೇ ಅಂಕಿಯನ್ನು ಹೇಳುತ್ತಾನೆ. ಒಂದು ಸಂತೋಷದ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ‘.ಭಾರತ’ ಎಂದು ಕನ್ನಡ ಲಿಪಿಯಲ್ಲಿಯೇ ಕೊನೆಗೊಳ್ಳುವ ಹೆಸರುಗಳೂ ಈಗ ಈ ವ್ಯವಸ್ಥೆಯಲ್ಲಿವೆ. ಒಳಗೆ ಮಾತ್ರ ಅವು ‘ಎಕ್ಸ್ ಎನ್’ ಎಂದು ಮೊದಲಾಗುವ ರೋಮನ್ ಅಕ್ಷರಗಳ ವೇಷದಲ್ಲಿ ಸಂಚರಿಸುತ್ತವೆ. ವೇಷವಾದರೇನು, ಊರೊಳಗೆ ಪ್ರವೇಶ ಸಿಕ್ಕಿತಲ್ಲ!

ಇಷ್ಟೆಲ್ಲ ಸುತ್ತಾಟವನ್ನು ನಮ್ಮ ಲ್ಯಾಪ್‌ಟಾಪು ತಾನೇ ಮಾಡುವುದಿಲ್ಲ. ಹತ್ತಿರದ ಒಬ್ಬ ಡಿ.ಎನ್.ಎಸ್. ಸರ್ವರನ್ನು ಕೇಳಿ ಸುಮ್ಮನಾಗುತ್ತದೆ. ಆ ಹತ್ತಿರದವನು ಯಾರೆಂಬುದನ್ನು ಹೇಳಿಕೊಡುವುದು ಅದು ಸೇರಿಕೊಂಡ ಜಾಲ. ಮನೆಯ ವೈಫೈಗೆ ಸೇರಿದೊಡನೆ ರೌಟರು ಮೂರು ಮಾತು ಹೇಳುತ್ತದೆ: ನಿನ್ನ ವಿಳಾಸ ಇದು, ಹೊರಗೆ ಹೋಗುವ ಬಾಗಿಲು ಇದು, ಹೆಸರನ್ನು ಕೇಳಬೇಕಾದರೆ ಇವನನ್ನು ಕೇಳು. ಡಿ.ಎಚ್.ಸಿ.ಪಿ. ಎಂಬ ಈ ಪದ್ಧತಿ 1993ರಲ್ಲಿ ಪ್ರಕಟವಾಗಿ, 1997ರಲ್ಲಿ ಈಗಿನ ರೂಪವನ್ನು ಪಡೆಯಿತು. ಊರು ಬದಲಾದಾಗ ಹಳೆಯ ಮಾತನ್ನು ಮರೆತು ಹೊಸ ಮಾತನ್ನು ಹಿಡಿಯುವುದು ಲ್ಯಾಪ್‌ಟಾಪಿನ ಧರ್ಮ. ಬಹುಪಾಲು ಅದು ತನ್ನ ಧರ್ಮವನ್ನು ಚೆನ್ನಾಗಿಯೇ ಪಾಲಿಸುತ್ತದೆ. ನನ್ನದು ಪಾಲಿಸುತ್ತಿರಲಿಲ್ಲ, ಏಕೆಂದರೆ ಪಾಲಿಸದಂತೆ ಒಬ್ಬರು ಅದನ್ನು ಕಟ್ಟಿಹಾಕಿದ್ದರು.

ಮೊಮ್ಮಗಳು ನನ್ನಿಂದ ಪರೀಕ್ಷೆಗಳನ್ನು ಮಾಡಿಸಿದ ಕ್ರಮವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮನೆಯಲ್ಲಿರುವ ಮಕ್ಕಳಿಗೆ ಇದು ನೇರವಾಗಿ ಪ್ರಯೋಜನಕ್ಕೆ ಬಂದೀತು. ಮೊದಲು ಅವಳು ಕೇಳಿದ್ದು, ಕಾಯುವಾಗ ತೆರೆಯ ಕೆಳಗಿನ ಎಡಮೂಲೆಯಲ್ಲಿ ಏನು ಬರೆದಿರುತ್ತದೆ ಎಂದು. ಇಷ್ಟು ದಿನ ನಾನು ಆ ಮೂಲೆಯನ್ನು ನೋಡಿಯೇ ಇರಲಿಲ್ಲ. ನೋಡಿದರೆ, ಫೈರ್‌ಫಾಕ್ಸ್ ಬ್ರೌಸರಿನಲ್ಲಿ ‘ಲುಕಿಂಗ್ ಅಪ್’ ಎಂಬ ಶಬ್ದಗಳೂ ತಾಣದ ಹೆಸರೂ ಕಾಣಿಸಿದವು. ಕ್ರೋಮ್ ಆಗಿದ್ದರೆ ‘ರಿಸಾಲ್ವಿಂಗ್ ಹೋಸ್ಟ್’ ಎಂದಿರುತ್ತದೆ. ಹಾಗೆಂದರೆ ಯಂತ್ರವು ಇನ್ನೂ ದಾರಿಗೇ ಇಳಿದಿಲ್ಲ, ಹೋಗಬೇಕಾದ ಮನೆಯ ವಿಳಾಸವನ್ನೇ ವಿಚಾರಿಸುತ್ತಿದೆ. ವೇಗವನ್ನು ಅಳೆಯುವವರು ಅಳೆಯುವುದು ದಾರಿಯನ್ನು. ಕಂಪನಿಯ ಹುಡುಗನಿಗೆ ದೋಷ ಕಾಣಿಸದಿದ್ದುದಕ್ಕೆ ಅದೊಂದು ಕಾರಣ. ಅವನು ಅಳೆದದ್ದು ತನ್ನ ಮೊಬೈಲಿನಲ್ಲಿ ಎಂಬುದು ಇನ್ನೊಂದು.

ಎರಡನೆಯದು, ಒಮ್ಮೆ ತೆರೆದ ತಾಣದಲ್ಲಿ ಮುಂದಿನ ಪುಟಗಳು ಬೇಗ ಬರುತ್ತವೆಯೇ ಎಂಬ ಪ್ರಶ್ನೆ. ಬರುತ್ತಿದ್ದವು. ದೊರೆತ ವಿಳಾಸವನ್ನು ಬ್ರೌಸರು ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹೋದರೆ ಮತ್ತೆ ಅದೇ ಮೌನ. ಆರಂಭವಾದ ವೀಡಿಯೋ ಎಲ್ಲಿಯೂ ತಡವರಿಸುತ್ತಿರಲಿಲ್ಲ. ನಿಧಾನವಾದ ಲೈನಿನ ಲಕ್ಷಣ ಹೀಗಿರುವುದಿಲ್ಲ. ಅಲ್ಲಿ ಎಲ್ಲವೂ ತೆವಳುತ್ತದೆ, ವೀಡಿಯೋ ನಡುನಡುವೆ ನಿಂತು ನಿಂತು ಸಾಗುತ್ತದೆ. ಇಲ್ಲಿ ಮೊದಲು ಪೂರ್ಣ ಮೌನ, ಅನಂತರ ಪೂರ್ಣ ವೇಗ.

ಮೂರನೆಯದಾಗಿ ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆಸಿದಳು. ಅದನ್ನು ಕಂಡರೆ ನನಗೆ ಭಯ. ಮಾಡಿಸಿದ್ದು ಮಾತ್ರ ಬಹು ಸರಳ. ಪಿಂಗ್ ಎಂಬ ಆಜ್ಞೆಯ ಮುಂದೆ 8.8.8.8 ಎಂಬ ಅಂಕಿಯನ್ನು ಬರೆಯಿಸಿದಳು. ಕ್ಷಣಾರ್ಧದಲ್ಲಿ ಉತ್ತರಗಳು ಸಾಲುಗಟ್ಟಿ ಬಂದವು. ಅಂಕಿಯ ಬದಲು ಒಂದು ಹೆಸರನ್ನು ಬರೆಯಿಸಿದಳು. ಸರಿಯಾಗಿ ಐದು ಸೆಕೆಂಡು ಮೌನ, ಆಮೇಲೆ ಉತ್ತರಗಳು. ‘ಅಂಕಿಗೆ ಓಡತೈತಿ, ಹೆಸರಿಗೆ ಕೂಡತೈತಿ. ಗೊತ್ತಾತಲ್ರಿ?’ ಎಂದಳು. ಬಳಿಕ ಎನ್ಎಸ್ಲುಕಪ್ ಎಂಬ ಆಜ್ಞೆ. ಇದು ವಿಂಡೋಸ್ ಯಂತ್ರಗಳಲ್ಲಿಯೂ ಉಂಟು. ಒಂದು ಹೆಸರನ್ನು ಕೊಟ್ಟರೆ ಇದು ಉತ್ತರದ ಜೊತೆಗೆ, ತಾನು ಯಾರನ್ನು ಕೇಳಿದೆನೆಂಬುದನ್ನೂ ತಿಳಿಸುತ್ತದೆ. ನನ್ನ ಯಂತ್ರವು 10 ರಿಂದ ಮೊದಲಾಗುವ ಒಂದು ವಿಳಾಸವನ್ನು ಕೇಳಿ, ಕಾಲ ಮೀರಿತೆಂದು ವರದಿ ಮಾಡಿ, ಆಮೇಲೆ ಇನ್ನೊಬ್ಬರ ಕಡೆಗೆ ಹೋಗುತ್ತಿತ್ತು. ನನ್ನ ಮನೆಯ ರೌಟರಿನ ವಿಳಾಸವಾದರೋ 192.168 ರಿಂದ ಮೊದಲಾಗುತ್ತದೆ. 10 ರಿಂದ ಮೊದಲಾಗುವವನು ಯಾರು?

ಅವನು ಗ್ರಂಥಾಲಯದವನು.

ನಡೆದದ್ದು ಹೀಗೆ. ಆ ಗ್ರಂಥಾಲಯದ ಪುಸ್ತಕಸೂಚಿಯು ಒಳಗಿನ ಯಂತ್ರವೊಂದರಲ್ಲಿದೆ. ಅದರ ಹೆಸರು ಆ ಕಟ್ಟಡದ ಒಳಗಿನ ಡಿ.ಎನ್.ಎಸ್. ಸರ್ವರಿಗೆ ಮಾತ್ರ ಗೊತ್ತು, ಹೊರಗಿನ ಯಾರಿಗೂ ಗೊತ್ತಿಲ್ಲ. ಅಲ್ಲಿಯ ವೈಫೈ ಪೆಟ್ಟಿಗೆಯಾದರೋ ಬಂದವರಿಗೆಲ್ಲ ಹೊರಗಿನ ಕಂಪನಿಯ ಸರ್ವರನ್ನು ತೋರಿಸಿಕೊಡುತ್ತಿತ್ತು. ಹೀಗಾಗಿ ಓದುಗರ ಲ್ಯಾಪ್‌ಟಾಪಿನಲ್ಲಿ ಸೂಚಿ ತೆರೆಯುತ್ತಿರಲಿಲ್ಲ. ಪೆಟ್ಟಿಗೆಯನ್ನು ತಿದ್ದಲು ಅಧಿಕಾರವಿಲ್ಲದ ಸಹಾಯಕರು, ತಿದ್ದಬಹುದಾದ ಓದುಗರ ಯಂತ್ರವನ್ನು ತಿದ್ದಿದರು. ಲಿನಕ್ಸ್ ವ್ಯವಸ್ಥೆಯಲ್ಲಿ ರಿಸಾಲ್ವ್ ಡಾಟ್ ಕಾನ್ಫ್ ಎಂಬ ಚಿಕ್ಕ ಕಡತವಿರುತ್ತದೆ. ಯಾರನ್ನು ಕೇಳಬೇಕೆಂಬುದು ಅದರಲ್ಲಿ ಬರೆದಿರುತ್ತದೆ. ಅದರಲ್ಲಿ ಮೊದಲ ಸಾಲಿಗೆ ಗ್ರಂಥಾಲಯದ ಸರ್ವರನ್ನೂ ಎರಡನೆಯ ಸಾಲಿಗೆ 8.8.8.8 ಅನ್ನೂ ಬರೆದರು. ಜಾಲ ಬದಲಾದಾಗ ವ್ಯವಸ್ಥೆಯು ತಾನಾಗಿಯೇ ಈ ಕಡತವನ್ನು ಹೊಸದಾಗಿ ಬರೆದುಕೊಳ್ಳುತ್ತದೆಯಷ್ಟೆ. ಮರುದಿನ ಬಂದು ನೋಡಿದರೆ ತಾವು ಬರೆದದ್ದು ಮಾಯವಾಗಿರುವುದನ್ನು ಕಂಡು, ಯಾರೂ ತಿದ್ದದಂತೆ ಕಡತಕ್ಕೆ ಬೀಗವನ್ನೇ ಹಾಕಿದರು. ಉಪಕಾರ ಮಾಡಬೇಕೆಂಬ ಬುದ್ಧಿಯೇ ಹೊರತು ಬೇರೇನೂ ಇರಲಿಲ್ಲ. ಅಂದು ಸೂಚಿ ತೆರೆದಾಗ ನಾನೇ ಅವರಿಗೆ ಕೈಮುಗಿದಿದ್ದೆ.

10, 192.168 ಮುಂತಾದ ಅಂಕಿಗಳಿಂದ ಮೊದಲಾಗುವ ವಿಳಾಸಗಳು ಖಾಸಗಿ ವಿಳಾಸಗಳು. ಪ್ರತಿಯೊಂದು ಕಟ್ಟಡವೂ ತನ್ನೊಳಗೆ ಅವನ್ನು ಬೇಕಾದಂತೆ ಬಳಸಬಹುದು; ಕಟ್ಟಡದ ಹೊರಗೆ ಅವಕ್ಕೆ ಅರ್ಥವಿಲ್ಲ. ‘ಮೂಲೆಮನೆ’ ಎಂಬ ಗುರುತಿನಂತೆ: ಆ ಓಣಿಯಲ್ಲಿ ಅದು ಎಲ್ಲರಿಗೂ ಗೊತ್ತು, ಪರಊರಿನಲ್ಲಿ ನಿಂತು ಮೂಲೆಮನೆಯವರನ್ನು ಕೂಗಿದರೆ ಓಗೊಡುವವರು ಯಾರು? ನನ್ನ ಲ್ಯಾಪ್‌ಟಾಪು ಮನೆಯಲ್ಲಿ ಕುಳಿತು, ಪ್ರತಿಯೊಂದು ಹೆಸರಿಗೂ ಮೊದಲು ಗ್ರಂಥಾಲಯದವನನ್ನು ಕೂಗುತ್ತಿತ್ತು.

ಇಲ್ಲಿ ನನಗೆ ಅತ್ಯಂತ ಕುತೂಹಲಕರವೆನಿಸಿದ ಸಂಗತಿಯೊಂದಿದೆ. ‘ಇಲ್ಲಿ ಅಂಥವರು ಇಲ್ಲ’ ಎಂದು ಯಾರಾದರೂ ಸ್ಪಷ್ಟವಾಗಿ ಹೇಳಿದ್ದರೆ ಯಂತ್ರವು ಕೂಡಲೇ ಎರಡನೆಯವನ ಕಡೆಗೆ ತಿರುಗುತ್ತಿತ್ತು, ನನಗೆ ವಿಳಂಬವೇ ಗೊತ್ತಾಗುತ್ತಿರಲಿಲ್ಲ. ಆದರೆ ಆ ಪ್ರಶ್ನೆಯು ನನ್ನ ಮನೆಯ ರೌಟರನ್ನು ದಾಟಿ, ಕಂಪನಿಯ ದಾರಿಯಲ್ಲೆಲ್ಲೋ ಸದ್ದಿಲ್ಲದೆ ಕಳೆದುಹೋಗುತ್ತಿತ್ತು. ಹೌದೆಂಬವರೂ ಇಲ್ಲ, ಇಲ್ಲವೆಂಬವರೂ ಇಲ್ಲ. ಹೀಗಿರುವಾಗ ಎಷ್ಟು ಹೊತ್ತು ಕಾಯಬೇಕು? ಲಿನಕ್ಸಿನಲ್ಲಿ ಮೊದಲೇ ನಿಗದಿಯಾದ ಕಾಲ 5 ಸೆಕೆಂಡು. ಒಟ್ಟು 3 ಸರ್ವರ್‌ಗಳನ್ನು ಬರೆಯಬಹುದು, ಆ ಪಟ್ಟಿಯನ್ನು 2 ಸಲ ಸುತ್ತಿ ನೋಡುತ್ತದೆ. ಮೊದಲನೆಯವನು ಮೌನಿಯಾದರೆ ಪ್ರತಿ ಹೆಸರಿಗೂ 5 ಸೆಕೆಂಡಿನ ದಂಡ. ಹಿಂದಿನ ಸಲ ಅವನು ಉತ್ತರಿಸಲಿಲ್ಲವೆಂಬುದನ್ನು ಈ ಹಳೆಯ ಕ್ರಮ ನೆನಪಿಡುವುದಿಲ್ಲ. ಪ್ರತಿ ಸಲವೂ ಅದೇ ವಿಶ್ವಾಸದಿಂದ ಅವನನ್ನೇ ಮೊದಲು ಕೇಳುತ್ತದೆ. ಹಾಗಾದರೆ ಇಪ್ಪತ್ತು ಸೆಕೆಂಡು ಎಲ್ಲಿಂದ ಬಂತು? ಇಂದಿನ ಒಂದು ಪುಟವು ಒಂದೇ ಕಡೆಯಿಂದ ಬರುವುದಿಲ್ಲ. ಬರಹ ಒಂದು ಕಡೆಯಿಂದ, ಚಿತ್ರ ಇನ್ನೊಂದು ಕಡೆಯಿಂದ, ಅಕ್ಷರಗಳ ಆಕಾರ ಮತ್ತೊಂದು ಕಡೆಯಿಂದ, ಜಾಹೀರಾತು ಎಲ್ಲೆಲ್ಲಿಂದಲೋ. ಒಂದೊಂದಕ್ಕೂ ಒಂದೊಂದು ಹೆಸರು. ಕೆಲವನ್ನು ಒಟ್ಟಿಗೆ ಕೇಳಿದರೂ, ಒಂದು ಬಂದ ಮೇಲಷ್ಟೇ ಇನ್ನೊಂದರ ಅಗತ್ಯ ತಿಳಿಯುವುದರಿಂದ ಐದೈದಾಗಿ ಸೇರುತ್ತ ಹೋಗುತ್ತದೆ.

ಪರಿಹಾರಕ್ಕೆ ಹಿಡಿದದ್ದು ಹತ್ತು ನಿಮಿಷ. ಕಡತದ ಬೀಗವನ್ನು ತೆಗೆಸಿ, ಮೊದಲಿದ್ದ ಏರ್ಪಾಡನ್ನು ಮರಳಿ ಸ್ಥಾಪಿಸಿ, ಯಂತ್ರವನ್ನು ಮುಚ್ಚಿ ತೆರೆಯಿಸಿದಳು. ಪುಟಗಳು ಬೆರಳೊತ್ತಿದೊಡನೆ ಬಂದವು. ಅಂಗಡಿಯವರು ಅಳಿಸಲು ಹೊರಟಿದ್ದ ಸಾವಿರಾರು ಕಡತಗಳ ನಡುವೆ ದೋಷವಿದ್ದುದು ಎರಡೇ ಸಾಲಿನ ಈ ಒಂದು ಕಡತದಲ್ಲಿ.

ಮರುದಿನ ಗ್ರಂಥಾಲಯಕ್ಕೆ ಹೋದರೆ ಪುಸ್ತಕಸೂಚಿ ತೆರೆಯಲಿಲ್ಲ. ಇದು ನಿರೀಕ್ಷಿತವೇ. ಮೊಮ್ಮಗಳು ಇದಕ್ಕೂ ಉಪಾಯವನ್ನು ಹೇಳಿಟ್ಟಿದ್ದಳು. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಪ್ರತಿಯೊಂದು ವೈಫೈ ಹೆಸರಿಗೂ ಬೇರೆ ಬೇರೆ ಪುಟವಿರುತ್ತದೆ. ಗ್ರಂಥಾಲಯದ ವೈಫೈಯ ಪುಟದಲ್ಲಿ, ಐಪಿವಿ4 ಎಂಬ ಭಾಗದಲ್ಲಿ, ಡಿ.ಎನ್.ಎಸ್. ಎಂಬ ಜಾಗದಲ್ಲಿ ಅಲ್ಲಿಯ ಸರ್ವರಿನ ವಿಳಾಸವನ್ನು ಬರೆದೆ. ಇನ್ನು ಅದು ಆ ಜಾಲದಲ್ಲಿರುವಾಗ ಮಾತ್ರ ಅನ್ವಯಿಸುತ್ತದೆ, ಮನೆಗೆ ಬಂದರೆ ಮನೆಯದು. ವಿಂಡೋಸ್ 11 ರಲ್ಲಿಯೂ ಹೀಗೆ ಜಾಲಕ್ಕೊಂದರಂತೆ ಬರೆಯುವ ಅನುಕೂಲವಿದೆ. ಆದರೆ ಹಳೆಯ ಕಂಟ್ರೋಲ್ ಪ್ಯಾನೆಲಿನ ದಾರಿಯಿಂದ ವೈಫೈ ಅಡಾಪ್ಟರಿನ ಗುಣಗಳಲ್ಲಿ ಬರೆದರೆ ಅದು ಹೋದ ಹೋದ ಜಾಲಕ್ಕೆಲ್ಲ ಅಂಟಿಕೊಂಡು ಬರುತ್ತದೆ. ನಿಮ್ಮ ಮಕ್ಕಳ ಲ್ಯಾಪ್‌ಟಾಪು ಕಾಲೇಜಿನಲ್ಲಿ ಚುರುಕು, ಮನೆಯಲ್ಲಿ ಮಂದ ಎಂದಾದರೆ ಮೊದಲು ಅಲ್ಲಿ ನೋಡಿರಿ. ಅಂಕಿಗಳೇನಾದರೂ ಕೈಯಿಂದ ಬರೆದಿದ್ದರೆ ಒಂದು ಕಾಗದದಲ್ಲಿ ಗುರುತು ಹಾಕಿಕೊಂಡು, ‘ತಾನಾಗಿ ಪಡೆ’ ಎಂಬ ಆಯ್ಕೆಗೆ ಮರಳಿಸಿ ನೋಡಿರಿ.

ದೋಷ ಯಾವಾಗಲೂ ಇಲ್ಲಿಯೇ ಇರುತ್ತದೆಂದು ಹೇಳಲಾರೆ. ಮನೆಯಿಂದ ಕಚೇರಿಯ ಕೆಲಸ ಮಾಡುವವರು ಬಳಸುವ ವಿ.ಪಿ.ಎನ್. ಎಂಬ ಸಾಧನವು ಸರಿಯಾಗಿ ಮುಚ್ಚದೆ ಹೋದರೆ ಕಚೇರಿಯ ಸರ್ವರಿನ ವಿಳಾಸ ಉಳಿದುಕೊಂಡು ಇದೇ ಲಕ್ಷಣ ತೋರುತ್ತದೆ. ಕೆಲವು ರೌಟರುಗಳು ಹೊಸ ಕ್ರಮದ ಮತ್ತು ಹಳೆಯ ಕ್ರಮದ ವಿಳಾಸಗಳೆರಡನ್ನೂ ಒಟ್ಟಿಗೆ ಕೇಳಿದಾಗ ಒಂದಕ್ಕೆ ಮಾತ್ರ ಉತ್ತರ ಕೊಟ್ಟು ಇನ್ನೊಂದನ್ನು ನುಂಗಿಬಿಡುತ್ತವೆ. ಅಲ್ಲಿಯೂ ಲಿನಕ್ಸು 5 ಸೆಕೆಂಡು ಕಾಯುತ್ತದೆ. ಮನೆಯಲ್ಲಿರುವ ಎಲ್ಲ ಯಂತ್ರಗಳೂ, ಮೊಬೈಲುಗಳೂ ಒಂದೇ ರೀತಿ ತಡಮಾಡುತ್ತಿದ್ದರೆ ದೋಷ ಲ್ಯಾಪ್‌ಟಾಪಿನದಲ್ಲ, ರೌಟರಿನದು ಇಲ್ಲವೆ ಕಂಪನಿಯ ಸರ್ವರಿನದು. ರೌಟರನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇದನ್ನು ಕೇಳಿ ನಗುವವರಿದ್ದಾರೆ, ನಾನು ನಗುವುದಿಲ್ಲ.

8.8.8.8 ಎಂಬ ಅಂಕಿಯನ್ನು ಎಲ್ಲ ರೋಗಕ್ಕೂ ಒಂದೇ ಕಷಾಯವೆಂಬಂತೆ ಹೇಳುವವರು ಬಹಳ ಮಂದಿ. ಅದು 2009ರ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆಯು ಸಾರ್ವಜನಿಕರಿಗಾಗಿ ತೆರೆದ ಸರ್ವರ್. 2018ರ ಏಪ್ರಿಲ್ 1 ರಂದು ಕ್ಲೌಡ್‌ಫ್ಲೇರ್ ಸಂಸ್ಥೆಯು 1.1.1.1 ಎಂಬುದನ್ನು ತೆರೆಯಿತು. ಎರಡೂ ಒಳ್ಳೆಯವೇ, ಪರೀಕ್ಷೆಗೆ ಬಹಳ ಅನುಕೂಲ. ಆದರೆ ಅವನ್ನು ಯಂತ್ರದಲ್ಲಿ ಶಾಶ್ವತವಾಗಿ ಬರೆದಿಟ್ಟರೆ, ನಮ್ಮ ಗ್ರಂಥಾಲಯದಂತಹ ಒಳಹೆಸರುಗಳು ಅವಕ್ಕೆ ತಿಳಿಯುವುದಿಲ್ಲ. ರೈಲು ನಿಲ್ದಾಣ, ವಸತಿಗೃಹಗಳ ವೈಫೈಯಲ್ಲಿ ಮೊಬೈಲಿಗೆ ಬಂದ ಗುಟ್ಟಿನ ಸಂಖ್ಯೆಯನ್ನು ಬರೆಯುವ ಮೊದಲ ಪುಟವೇ ಕೆಲವೊಮ್ಮೆ ಕಾಣಿಸಿಕೊಳ್ಳುವುದಿಲ್ಲ. ಇನ್ನೊಂದು ಮಾತು: ಹೆಸರನ್ನು ಯಾರಲ್ಲಿ ವಿಚಾರಿಸುತ್ತೇವೋ ಅವರಿಗೆ ನಾವು ಎಲ್ಲೆಲ್ಲಿಗೆ ಹೋಗುತ್ತೇವೆಂಬುದು ತಿಳಿಯುತ್ತದೆ. ಮನೆಯ ಕಂಪನಿಗೆ ತಿಳಿಯಬೇಕೋ, ದೂರದ ದೊಡ್ಡ ಸಂಸ್ಥೆಗೆ ತಿಳಿಯಬೇಕೋ, ಇದನ್ನು ಮನೆಯವರು ಯೋಚಿಸಿ ತೀರ್ಮಾನಿಸಲಿ. ಅಂಗಡಿಯ ಹುಡುಗ ತೀರ್ಮಾನಿಸುವುದು ನನಗೆ ಸರಿಕಾಣುವುದಿಲ್ಲ.

ಗ್ರಂಥಾಲಯದ ಸಹಾಯಕರಿಗೆ ಇದೆಲ್ಲವನ್ನೂ ತಿಳಿಸಿದೆ. ಅವರು ನೊಂದುಕೊಂಡರು. ಇಬ್ಬರೂ ಸೇರಿ ಮೇಲಿನವರಿಗೆ ಒಂದು ಪತ್ರ ಬರೆದೆವು. ವಾರದೊಳಗೆ ಒಬ್ಬ ತಂತ್ರಜ್ಞ ಬಂದು ವೈಫೈ ಪೆಟ್ಟಿಗೆಯೇ ಒಳಗಿನ ಸರ್ವರನ್ನು ತೋರಿಸಿಕೊಡುವಂತೆ ಮಾಡಿಹೋದ. ಈಗ ಅಲ್ಲಿ ಯಾರೂ ಏನನ್ನೂ ಕೈಯಿಂದ ಬರೆಯಬೇಕಾಗಿಲ್ಲ. ನನ್ನ ಪುಟದಲ್ಲಿ ಬರೆದುಕೊಂಡಿದ್ದನ್ನೂ ತೆಗೆದುಹಾಕಿದೆ.

ಉಳಿದದ್ದು, ಹಿಂದೆ ಬೀಗ ಹಾಕಿಸಿಕೊಂಡು ಹೋದವರ ವಿಚಾರ. ಸಹಾಯಕರು ಶಿಸ್ತಿನ ಮನುಷ್ಯರು. ಯಾರ ಯಾರ ಯಂತ್ರಕ್ಕೆ ಹೀಗೆ ಮಾಡಿದ್ದರೆಂಬುದನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರು. ನನ್ನನ್ನು ಬಿಟ್ಟು ಒಂಬತ್ತು ಹೆಸರುಗಳು. ಒಬ್ಬೊಬ್ಬರಿಗೂ ಫೋನು ಮಾಡಿ ಕರೆಸಿ ಬಿಡಿಸಿಕೊಟ್ಟರು. ಎಂಟು ಮಂದಿಯೂ ಮನೆಯ ಲೈನನ್ನೇ ಬೈಯುತ್ತಿದ್ದವರು, ಇಬ್ಬರು ಕಂಪನಿಯನ್ನೂ ಬದಲಾಯಿಸಿದ್ದರು. ಒಂಬತ್ತನೆಯವಳು ಸಂಶೋಧನ ವಿದ್ಯಾರ್ಥಿನಿ. ಅವಳು ಹಿಂದಿನ ತಿಂಗಳೇ ಒಂದು ಅಂಗಡಿಯಲ್ಲಿ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಸಿಕೊಂಡಿದ್ದಳು. ಅಳಿಸಿದಾಗ ಆ ಎರಡು ಸಾಲೂ ಹೋದವಾದುದರಿಂದ ಯಂತ್ರವು ಈಗ ಮನೆಯಲ್ಲಿ ಬಹಳ ಚುರುಕಾಗಿದೆಯಂತೆ, ಅಂಗಡಿಯವರು ಒಳ್ಳೆಯ ಕೆಲಸ ಮಾಡಿಕೊಟ್ಟರೆಂದೇ ಹೇಳಿದಳು. ಪ್ರಬಂಧದ ಎರಡು ಅಧ್ಯಾಯಗಳು ಹೋಗಿದ್ದವು; ಅವನ್ನು ಮೊದಲಿನಿಂದ ಬರೆಯುತ್ತಿದ್ದಾಳೆ.